ಹಳೆ ಟೈರ್, ಪ್ಯಾಚ್ ಹಾಕಿದ ಟೈರ್: ಪುಣೆಯಲ್ಲಿ ಮೂರು ವರ್ಷ ಓಡಿಸಿದ ಮೇಲೆ

ಗಾಡಿ 2014ರ ಸ್ವಿಫ್ಟ್, ಪೆಟ್ರೋಲ್. ಟೈರ್ ಸೈಜ್ 165/80 ಆರ್14. ದಿನಾ ನಿಗಡಿಯಿಂದ ಚಾಕಣಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಊರಿಗೆ, ಅಂದರೆ ಬೆಳಗಾವಿಗೆ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಒಳಗಿನಿಂದ ಸರಿಯಾಗಿ ಪ್ಯಾಚ್ ಹಾಕಿಸಿದ ನನ್ನದೇ ಟೈರಿಗೆ ಐದಕ್ಕೆ ಐದು. ಪಾಲಿಶ್ ಹಚ್ಚಿ, ರಿಮ್‌ಗೆ ಕೂರಿಸಿ ಕೊಟ್ಟ ಸೆಕೆಂಡ್ ಹ್ಯಾಂಡ್ ಟೈರಿಗೆ ಐದಕ್ಕೆ ಒಂದು. ಆ ಒಂದು ಅಂಕ ಯಾಕೆ ಅಂತ ಮುಂದೆ ಹೇಳುತ್ತೇನೆ. ಇಷ್ಟೆಲ್ಲ ಬರೆಯುತ್ತಿರುವುದು ಒಂದೇ ಕಾರಣಕ್ಕೆ: ಟೈರಿನ ಒಳಭಾಗ ಕಣ್ಣಾರೆ ನೋಡದೆ ಯಾರೂ ಹಳೆ ಟೈರ್ ತಗೋಬಾರದು.

2022ರ ಆಗಸ್ಟ್. ನಾಲ್ಕೂ ಟೈರ್ ಸವೆದಿದ್ದವು. ಆ ತಿಂಗಳು ಮಗಳ ಶಾಲೆಯ ಫೀ ಕಟ್ಟಿದ್ದೆ, ನಾಲ್ಕು ಹೊಸ ಟೈರಿಗೆ ದುಡ್ಡು ಸಾಲುತ್ತಿರಲಿಲ್ಲ. ಎರಡು ಹೊಸದು, ಎರಡು ಹಳೇದು ಹಾಕಿಸೋಣ ಅಂದುಕೊಂಡೆ. ಹಳೆ ಮುಂಬೈ–ಪುಣೆ ರಸ್ತೆಯ ಬದಿಯ ಒಂದು ಅಂಗಡಿಗೆ ಹೋದೆ. ಹಳೇದು ಒಂದಕ್ಕೆ 1,300 ರೂಪಾಯಿ. ಎರಡೂ ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಒಂದೇ ಗಾಡಿಯಿಂದ ಬಿಚ್ಚಿದ್ದು, ಜಾಸ್ತಿ ಓಡಿಲ್ಲ ಅಂತ ಅಂಗಡಿಯವನು ಮರಾಠಿಯಲ್ಲಿ ಹೇಳಿದ, ನಾನು ನಂಬಿದೆ. ನೆಲಕ್ಕೆ ತಾಗುವ ಭಾಗದ ಗೀರುಗಳ ಆಳ ನೋಡಿದೆ, 6 ಮಿ.ಮೀ. ಇತ್ತು. ಹೊಸ ಟೈರಿನಲ್ಲೇ ಸುಮಾರು 8 ಇರುತ್ತದೆ, ಅಷ್ಟು ಸಾಕು ಅನ್ನಿಸಿತು. ಹೊಸ ಎರಡನ್ನು ಮುಂದೆ, ಹಳೆ ಎರಡನ್ನು ಹಿಂದೆ ಹಾಕಿ ಕಳಿಸಿದ.

ಅದೂ ತಪ್ಪೇ ಅಂತ ಆಮೇಲೆ ಗೊತ್ತಾಯಿತು. ಎರಡೇ ಹೊಸ ಟೈರ್ ಇದ್ದರೆ ಹಿಂದೆ ಹಾಕಬೇಕು. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಮಾಡಿ ಹೇಗೋ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ. ನಮ್ಮಂಥ ಸಾಮಾನ್ಯ ಡ್ರೈವರ್‌ಗಳ ಕೈಗೆ ಅದು ಸಿಗುವುದಿಲ್ಲ.

ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಎಡಗಡೆ ಹಿಂದಿನ ಟೈರಿಗೆ ಮಾತ್ರ ವಾರಕ್ಕೊಮ್ಮೆ ಹವಾ ಹೊಡೆಸಬೇಕಿತ್ತು, ಮೂರು ಪಿಎಸ್‌ಐ (ಹವಾ ಒತ್ತಡದ ಅಳತೆ) ಇಳಿದಿರುತ್ತಿತ್ತು. ವಾಲ್ವ್ ಇರಬೇಕು ಅಂತ ಸುಮ್ನಿದ್ದೆ. ದೀಪಾವಳಿಗೆ ಊರಿಗೆ ಹೋದೆವು. ವಾಪಸ್ ಬರುವಾಗ ಕರಾಡ್ ದಾಟಿ ಉಂಬ್ರಜ್ ಹತ್ತಿರ ಬಂದಿದ್ದೆವು. ಹಿಂದೆ ಮಗಳ ಜೊತೆ ಕೂತಿದ್ದ ನನ್ನ ಹೆಂಡತಿ, "ರೀ, ಸೀಟ್ ಯಾಕೋ ನಡಗಾಕತ್ತೈತಿ" ಅಂದಳು. ನನ್ನ ಕೈಯಲ್ಲಿ ಸ್ಟೀರಿಂಗ್ ಸ್ವಲ್ಪವೂ ಅಲುಗುತ್ತಿರಲಿಲ್ಲ. ಈಗ ಅದರ ಅರ್ಥ ಗೊತ್ತು. ಮುಂದಿನ ಟೈರ್ ಕೆಟ್ಟರೆ ನಡುಕ ಸ್ಟೀರಿಂಗ್‌ಗೆ ಬರುತ್ತದೆ, ಹಿಂದಿನದು ಕೆಟ್ಟರೆ ಸೀಟಿಗೆ.

ಒಂದು ಢಾಬಾ ಮುಂದೆ ನಿಲ್ಲಿಸಿದೆ. ಹೊರಗಿನಿಂದ ಟೈರ್ ಚೆನ್ನಾಗೇ ಕಾಣುತ್ತಿತ್ತು. ಮಂಡಿ ಊರಿ, ಟೈರಿನ ಒಳಬದಿಗೆ, ಗಾಡಿಯ ಕೆಳಗಿನಿಂದ ಕೈ ಹಾಕಿ ಸವರಿದೆ. ನಿಂಬೆಹಣ್ಣಿನ ಗಾತ್ರದ ಒಂದು ಗುಳ್ಳೆ ಕೈಗೆ ಸಿಕ್ಕಿತು. ಬಿಸಿಯಾಗಿತ್ತು. ಅಲ್ಲಿಯವರೆಗೆ 90ರ ವೇಗದಲ್ಲಿ ಬಂದಿದ್ದೆ. ಹಿಂದಿನ ಸೀಟಿನಲ್ಲಿ ಮಗು. ಆ ಗುಳ್ಳೆ ಮುಟ್ಟಿದ ಬೆರಳು ಇವತ್ತಿಗೂ ನೆನಪಿಟ್ಟುಕೊಂಡಿದೆ.

ಸ್ಟೆಪ್ನಿ ಹಾಕಿ, 60 ದಾಟದೆ ಪುಣೆ ಸೇರಿದೆವು. ಸಾತಾರಾ ದಾಟಿ ಖಂಬಾಟ್ಕಿ ಸುರಂಗ ಬರುವವರೆಗೂ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಮರುದಿನ ಟೈರ್ ತಗೊಂಡು ಕಾಕಾ ಹತ್ತಿರ ಹೋದೆ. ಇವರು ಆಕುರ್ಡಿ ಕಡೆ ಪಂಕ್ಚರ್ ಅಂಗಡಿ ಇಟ್ಟವರು, ಮೂಲ ಇಂಡಿ ತಾಲೂಕು. ಇಪ್ಪತ್ತು ವರ್ಷದ ಮೇಲಾಯಿತು ಪುಣೆಗೆ ಬಂದು. ಟೈರನ್ನು ಮಷೀನಿಗೆ ಹಾಕಿ ರಿಮ್‌ನಿಂದ ಬಿಚ್ಚಿದರು. ಒಳಗೆ ಬ್ಯಾಟರಿ (ಟಾರ್ಚ್) ಬಿಟ್ಟು, "ಹೊರಗ ಮೇಕಪ್ ಮಾಡ್ಯಾರ್ರಿ ಸರ. ಒಳಗ ಕೈ ಹಾಕಿ ಒರಸ್ರಿ" ಅಂದರು. ಒರೆಸಿದೆ. ಅಂಗೈ ತುಂಬ ಕಪ್ಪು ಪುಡಿ. ಶಾಲೆಯಲ್ಲಿ ರಬ್ಬರ್ ಹಚ್ಚಿ ಉಜ್ಜಿದಾಗ ಉದುರುತ್ತದಲ್ಲ, ಅಂಥ ಸಣ್ಣ ಸಣ್ಣ ಸುರುಳಿ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಒಳಗೆ ಸುತ್ತಲೂ ಬೂದು ಬಣ್ಣದ ಒಂದು ಪಟ್ಟಿ, ಅಲ್ಲಿ ರಬ್ಬರ್ ಸುಕ್ಕುಗಟ್ಟಿ ಒರಟಾಗಿತ್ತು.

ಯಾರೋ ಒಬ್ಬರು ಹವಾ ಇಲ್ಲದೆಯೇ ಆ ಟೈರ್ ಓಡಿಸಿದ್ದರು. ಹವಾ ಕಡಿಮೆ ಆದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಕಾಯುತ್ತದೆ, ಒಳಗಿನ ನೂಲು ಒಂದೊಂದೇ ಕಡಿಯುತ್ತದೆ. ಆಮೇಲೆ ಎಷ್ಟು ಹವಾ ತುಂಬಿದರೂ ಕಡಿದ ನೂಲು ಕೂಡುವುದಿಲ್ಲ. ಆ ಜಾಗದಲ್ಲಿ ರಬ್ಬರ್ ಒಂದೇ ಹವಾ ತಡೆಯಬೇಕು, ಅದಕ್ಕೇ ಉಬ್ಬುತ್ತದೆ. ಇದರ ಜೊತೆ ಗೀರುಗಳು ಮುಗಿದು ಸೈಡ್‌ವಾಲ್ ಶುರುವಾಗುವ ಭುಜದ ಜಾಗದಲ್ಲಿ ಒಂದು ಹಳೆ ಸ್ಟ್ರಿಪ್ ಪಂಕ್ಚರ್, ಅಂದರೆ ಹೊರಗಿನಿಂದ ರಬ್ಬರ್ ಎಳೆ ತುರುಕಿ ಮುಚ್ಚಿದ ತೂತು ಸಿಕ್ಕಿತು. ಹೊರಗಿನ ತುದಿಯನ್ನು ಬ್ಲೇಡಿನಿಂದ ನೆಲಸಮ ಕತ್ತರಿಸಿ ಮೇಲೆ ಪಾಲಿಶ್ ಬಳಿದಿದ್ದರು. ವಾರಕ್ಕೆ ಮೂರು ಪಿಎಸ್‌ಐ ಹೋಗುತ್ತಿದ್ದದ್ದು ಅಲ್ಲಿಂದ.

ತಾರೀಖು? ಅದನ್ನೂ ಅವತ್ತೇ ಸರಿಯಾಗಿ ನೋಡಿದ್ದು. ಟೈರಿನ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒಂದರ ಮೇಲೆ 1419 ಇತ್ತು, ಅಂದರೆ 2019ರ ಹದಿನಾಲ್ಕನೇ ವಾರ, ಏಪ್ರಿಲ್ ಆರಂಭ. ಗುಳ್ಳೆ ಬಂದದ್ದರ ಮೇಲೆ 3815. "ಒಂದೇ ಗಾಡಿಯದು" ಅಂದ ಮಾತು ಅಲ್ಲೇ ಸುಳ್ಳಾಯಿತು. ಎಷ್ಟೋ ಟೈರ್‌ಗಳಲ್ಲಿ ಪೂರ್ತಿ ತಾರೀಖು ಒಂದೇ ಬದಿಗೆ ಇರುತ್ತದೆ. ಆ ಬದಿಯನ್ನು ಒಳಗೆ ಮಾಡಿ ಕೂರಿಸಿದ್ದರು. ಅಂಗಡಿಗೆ ಹೋಗಿ ಕೇಳಿದೆ, ಸೆಕೆಂಡ್ ಮಾಲಿಗೆ ಗ್ಯಾರಂಟಿ ಇಲ್ಲ ಅಂದರು. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆದದ್ದು ಬೇರೆ ವಿಷಯಕ್ಕೆ. ರಿಮ್‌ಗೆ ಕೂರಿಸುವಾಗ ಆ ಒಳಭಾಗ ಅವರ ಕಣ್ಣಿಗೆ ಬಿದ್ದೇ ಇರಬೇಕು. ನೋಡಿಯೂ ಕೊಟ್ಟರು.

ಹಿಂದಕ್ಕೆ ಎರಡು ಹೊಸ ಟೈರ್ ಹಾಕಿಸಿದೆ. ಒಂದೇ ಆಕ್ಸಲ್‌ಗೆ ಒಂದು ಹೊಸದು, ಒಂದು ಹಳೇದು ಬೇಡ ಅಂತ ಕಾಕಾ ಹೇಳಿದರು. 1419ರ ಟೈರ್ ಒಳಗೆ ಸ್ವಚ್ಛವಾಗಿತ್ತು, ಅದನ್ನು ಸ್ಟೆಪ್ನಿ ಮಾಡಿಕೊಂಡೆ. ಮೂರು ವರ್ಷದಲ್ಲಿ ಎರಡು ಸಲ ರಸ್ತೆಗೆ ಇಳಿಯಿತು, ಎರಡು ಸಲವೂ ಮನೆ ಮುಟ್ಟಿಸಿತು. ಐದಕ್ಕೆ ಕೊಟ್ಟ ಆ ಒಂದು ಅಂಕ ಇದಕ್ಕೆ. ಅಂದರೆ ಹಳೆ ಟೈರೆಲ್ಲ ಕೆಟ್ಟದ್ದು ಅಂತಲ್ಲ. ಒಂದೇ ಅಂಗಡಿ, ಒಂದೇ ದಿನ, ಒಂದೇ ಪಾಲಿಶ್, ಹೊರಗೆ ಎರಡೂ ಒಂದೇ ಥರ. ಒಳಗೆ ಅಷ್ಟು ವ್ಯತ್ಯಾಸ.

ಈಗ ಪ್ಯಾಚ್ ವಿಷಯ. 2023ರ ಜನವರಿಯಲ್ಲಿ ಚಾಕಣ ಎಂಐಡಿಸಿ (ಕೈಗಾರಿಕಾ ಪ್ರದೇಶ) ರಸ್ತೆಯಲ್ಲಿ ಮುಂದಿನ ಬಲಗಡೆ ಹೊಸ ಟೈರಿಗೆ ಮೊಳೆ ಚುಚ್ಚಿತು. ಐದು ತಿಂಗಳ ಟೈರ್, ಹೊಟ್ಟೆ ಉರಿಯಿತು. ರಸ್ತೆ ಬದಿಯಲ್ಲಿ ಟೈರ್ ಬಿಚ್ಚದೆಯೇ ಸ್ಟ್ರಿಪ್ ತುರುಕಿ 100 ರೂಪಾಯಿ ತಗೊಂಡರು. ಮನೆ ಮುಟ್ಟಲು ಅದು ಸಾಕು. ಆದರೆ ಅದನ್ನೇ ಕಾಯಂ ಅಂತ ಬಿಟ್ಟವರೇ ಜಾಸ್ತಿ, ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಗುಳ್ಳೆ ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಕಾಕಾ ಹತ್ತಿರ ಹೋಗಿ ಪಕ್ಕದಲ್ಲೇ ನಿಂತು ಮಶ್ರೂಮ್ ಪ್ಯಾಚ್ ಹಾಕಿಸಿದೆ.

ಅಣಬೆ ಆಕಾರದ ರಬ್ಬರ್ ತುಂಡು ಅದು. ಕಾಲು ತೂತಿನೊಳಗೆ ಹೋಗುತ್ತದೆ, ಕೊಡೆ ಒಳಗಡೆ ಅಂಟಿಕೊಳ್ಳುತ್ತದೆ. ಕಾಕಾ ಮೊದಲು ಟೈರ್ ಬಿಚ್ಚಿ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಹಳೆ ಸ್ಟ್ರಿಪ್ ಕಿತ್ತರು. ಮೊಳೆ ಹೋದ ಓರೆಯಲ್ಲೇ ತೂತನ್ನು ಕೊರೆದು ನುಣುಪು ಮಾಡಿದರು. ಒಳಗಿನ ಹೊಳಪಿನ ಪದರವನ್ನು ಸುತ್ತ ಉಜ್ಜಿ ಒರಟು ಮಾಡಿ, ಪುಡಿಯನ್ನೆಲ್ಲ ತೆಗೆದು, ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿದರು. ಆಮೇಲೆ ಸುಮ್ನೆ ಕೂತು ಚಹಾ ಕುಡಿದರು! ನನಗೆ ಅವಸರ. "ಹಸಿ ಇದ್ದಾಗ ಹಚ್ಚಿದ್ರ ನಾಳಿಗೆ ಬಿಡತದ್ರಿ" ಅಂದರು. ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ, ಕೈಗೆ ಹತ್ತುವುದಿಲ್ಲ ಅಂತ ಖಾತ್ರಿ ಆದ ಮೇಲೆ ಪ್ಯಾಚಿನ ಕಾಲನ್ನು ಹೊರಗಿನಿಂದ ಇಕ್ಕಳದಲ್ಲಿ ಎಳೆದರು. ಸಣ್ಣ ಹಲ್ಲಿನ ಗಾಲಿಯಿಂದ ನಡುವಿನಿಂದ ಅಂಚಿಗೆ ಒತ್ತಿ ಒತ್ತಿ ಕೂರಿಸಿದರು. ಹೊರಗೆ ಉಳಿದ ಕಾಲನ್ನು ಕತ್ತರಿಸಿ, ಹವಾ ತುಂಬಿ, ಸೋಪಿನ ನೀರು ಹಾಕಿದರು. ಒಂದು ಗುಳ್ಳೆಯೂ ಬರಲಿಲ್ಲ. 350 ರೂಪಾಯಿ, ಮುಕ್ಕಾಲು ಗಂಟೆ.

ಕಾಲು, ಕೊಡೆ ಎರಡೂ ಬೇಕು. ಬರೀ ಸ್ಟ್ರಿಪ್ ಹಾಕಿದರೆ ಹವಾ ಹಿಡಿಯುವ ಒಳಪದರ ಮುಚ್ಚುವುದಿಲ್ಲ. ಬರೀ ಒಳಗೆ ಪ್ಯಾಚ್ ಅಂಟಿಸಿದರೆ ಹೊರಗಿನ ತೂತಿನಿಂದ ಮಳೆ ನೀರು ಇಳಿದು ಟೈರಿನೊಳಗಿನ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಪುಣೆಯ ಜೂನ್–ಜುಲೈ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ತೂತು ನೆಲಕ್ಕೆ ತಾಗುವ ಭಾಗದಲ್ಲೇ ಇರಬೇಕು, 6 ಮಿ.ಮೀ.ಗಿಂತ ದೊಡ್ಡದಿರಬಾರದು. ಭುಜ, ಸೈಡ್‌ವಾಲ್‌ನಲ್ಲಿ ಆದರೆ ಎಂಥ ಕೈಚಳಕದವರು ಬಂದರೂ ರಿಪೇರಿ ಇಲ್ಲ. ಉಕ್ಕಿನ ಪಟ್ಟಿ ಭುಜಕ್ಕೇ ಮುಗಿಯುತ್ತದೆ, ಆ ಜಾಗ ಸದಾ ಬಾಗುತ್ತಿರುತ್ತದೆ. ಮಾಡಿಕೊಡುತ್ತೇನೆ ಅಂದವರನ್ನು ದಯವಿಟ್ಟು ನಂಬಬೇಡಿ.

ಆ ಟೈರ್ ಅವತ್ತಿನಿಂದ ಸುಮಾರು 30,000 ಕಿ.ಮೀ. ಓಡಿದೆ. ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಮೇಲೆ ಮೇ ತಿಂಗಳ ಮಧ್ಯಾಹ್ನ ಮುಂಬೈಗೆ ಹೋಗಿ ಬಂದಿದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ಹವಾ ನೋಡುತ್ತೇನೆ. ಪ್ಯಾಚ್ ಇಲ್ಲದ ಟೈರಿಗೂ ಇದಕ್ಕೂ ವ್ಯತ್ಯಾಸ ಕಂಡಿಲ್ಲ. ಗೀರು ಈಗ 3.4 ಮಿ.ಮೀ. ಉಳಿದಿದೆ. ಕಾನೂನಿನ ಮಿತಿ 1.6. ಗೀರಿನ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬ ಇರುತ್ತದಲ್ಲ, ರಬ್ಬರ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗೀತು. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. 3ಕ್ಕೆ ಬಂದ ಕೂಡಲೇ ಬದಲಿಸುತ್ತೇನೆ, ನಿಂತ ನೀರಿನ ಮೇಲೆ ಆಮೇಲೆ ಹಿಡಿತ ಬೇಗ ಕಡಿಮೆ ಆಗುತ್ತದೆ.

ಈ ದಿಬ್ಬ ಹಳೆ ಟೈರ್ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಕೆಲವರು ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು ಮಾರುತ್ತಾರೆ. ಹಾಗೆ ಕೊರೆದದ್ದರಲ್ಲಿ ದಿಬ್ಬ ಕತ್ತರಿಸಿ ಹೋಗಿರುತ್ತದೆ, ಗೀರಿನ ಅಗಲ ಒಂದು ಕಡೆ ಒಂದು ಥರ ಇರುತ್ತದೆ, ಕೆಲವೊಮ್ಮೆ ತಳದಲ್ಲಿ ತಂತಿಯೇ ಕಾಣುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಹಾಗೇ ಸೈಡ್‌ವಾಲ್ ಮೇಲೆ ಸಣ್ಣ ತಗ್ಗಿನ ಗೆರೆ ಕಂಡರೆ ಹೆದರಬೇಡಿ, ಒಳಗೆ ಪದರ ಒಂದರ ಮೇಲೊಂದು ಕೂಡಿದ ಜಾಗ ಅದು. ಉಬ್ಬಿದ್ದರೆ ಮಾತ್ರ ಭಯ.

2025ರಲ್ಲಿ 1419ಕ್ಕೆ ಆರು ವರ್ಷ ತುಂಬಿತು. ಡಿಕ್ಕಿಯಲ್ಲೇ ಮಲಗಿದ್ದರೂ ರಬ್ಬರಿಗೆ ವಯಸ್ಸು ಆಗಿಯೇ ಆಗುತ್ತದೆ. ಗೀರುಗಳ ನಡುವೆ ಕೂದಲೆಳೆಯಂಥ ಬಿರುಕು ಕಾಣಿಸಿದವು. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತಾದರೆ ಹೇಗಿದ್ದರೂ ತೆಗೆಯಬೇಕು ಅನ್ನುವುದು ಟೈರ್ ಕಂಪನಿಗಳ ಸಲಹೆ. ನಾನು ಬಿರುಕು ನೋಡಿಯೇ ತೆಗೆಸಿದೆ.

ಸ್ಟೆಪ್ನಿಗೆ ಮತ್ತೆ ಹಳೇದನ್ನೇ ಕೊಂಡೆ. ನಮ್ಮ ಸೊಸೈಟಿಯ ಒಬ್ಬರು ಹೊಸ ಡಿಸೈರ್ ತಗೊಂಡು, ವಾರದಲ್ಲೇ 15 ಇಂಚಿನ ಅಲಾಯ್ ಚಕ್ರ ಹಾಕಿಸಿ, ಗಾಡಿ ಜೊತೆ ಬಂದ 14 ಇಂಚಿನ ಟೈರ್ ಮಾರಲು ಇಟ್ಟಿದ್ದರು. ಸೈಜ್ ನನ್ನದೇ. ಅವರೂ ಗೊತ್ತು, ಗಾಡಿಯೂ ಗೊತ್ತು. ಆದರೂ, "ಕಾಕಾ ಅಂಗಡಿಗೆ ಹೋಗಿ ಒಳಗೆ ನೋಡಿ ತಗೋತೀನಿ, ಬೇಜಾರು ಮಾಡ್ಕೋಬೇಡಿ" ಅಂದೆ. ಅವರೇ ಜೊತೆಗೆ ಬಂದರು.

ಕಾಕಾ ಮೊದಲು ತಾರೀಖು ಓದಿದರು, ನಾಲ್ಕು ತಿಂಗಳ ಹಿಂದಿನದು. ಎರಡೂ ಸೈಡ್‌ವಾಲ್ ಅಂಗೈಯಿಂದ ಸುತ್ತ ಸವರಿದರು. ರಿಮ್ ಹಿಡಿಯುವ ಅಂಚನ್ನು ಬೆರಳಿನಿಂದ ನೋಡಿದರು, ಬಿಚ್ಚುವಾಗ ಸಬ್ಬಲ್ ತಾಗಿ ಹರಿದಿದೆಯಾ ಅಂತ. ಆಮೇಲೆ ಬ್ಯಾಟರಿ ಬಿಟ್ಟು ಒಳಗೆ ಕೈ ಹಾಕಿ ಒಂದು ಸುತ್ತು ಒರೆಸಿ, ಅಂಗೈಯನ್ನು ನನ್ನ ಮುಂದೆ ಹಿಡಿದರು. ಸ್ವಲ್ಪ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಇದನ್ನ ತಗೋರಿ ಸರ" ಅಂದರು. 2,000 ರೂಪಾಯಿ ಕೊಟ್ಟೆ.