ಮತ್ತೆ ಏಳನೆಯ ತರಗತಿಯ ಗಣಿತ: ಪುಸ್ತಕ, ವೀಡಿಯೊ, ತರಬೇತಿ ಕೇಂದ್ರ, ದೊಡ್ಡಪ್ಪ

ಶಾಲೆ ಬಿಟ್ಟು ಬಹಳ ಕಾಲವಾದ ಮೇಲೆ ಆರರಿಂದ ಎಂಟನೆಯ ತರಗತಿಯವರೆಗಿನ ಗಣಿತವನ್ನು ಮತ್ತೆ ಕಲಿಯುತ್ತೇನೆ ಎನ್ನುವವರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ದಾರಿಗಳ ಕೊರತೆಯಿಲ್ಲ. ಸರ್ಕಾರಿ ಪಠ್ಯಪುಸ್ತಕ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಖಾನ್ ಅಕಾಡೆಮಿ ಎಂಬ ಅಂತರಜಾಲ ಪಾಠಶಾಲೆಯ ವೀಡಿಯೊಗಳಿಗೂ ದುಡ್ಡಿಲ್ಲ. ಶಿವಮೊಗ್ಗ ಪೇಟೆಗೆ ಹೋದರೆ ಎಫ್‌ಡಿಎ, ಪಿಡಿಒ ಮೊದಲಾದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರು ಮಾಡುವ ತರಬೇತಿ ಕೇಂದ್ರಗಳಿವೆ. ಇನ್ನು ಕಾಗದವಿಲ್ಲದೆ ಬಾಯಿಲೆಕ್ಕ ಹಾಕುವ ಹಿರಿಯರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು ವಯಸ್ಸು ಕಳೆದ ದೊಡ್ಡಪ್ಪ.

ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನ ಮಹಿಳಾ ಸಂಘದ ಲೆಕ್ಕಪುಸ್ತಕವೂ ಈಗ ನನ್ನ ಕೈಯಲ್ಲಿದೆ. ಈ ಎರಡು ನೆಪಗಳಿಂದ ಮಳೆಗಾಲವಿಡೀ ನಾಲ್ಕೂ ದಾರಿಗಳಲ್ಲಿ ಓಡಾಡಿದೆ. ಹೋಲಿಸಿ ನೋಡಲು ಒಂದು ಅಳತೆ ಬೇಕಲ್ಲ? ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೆ. ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸುವುದು ಏಕೆ? ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಬರುವುದು ಹೇಗೆ? ಅಡಿಕೆ ಧಾರಣೆ ಶೇ. 20ರಷ್ಟು ಇಳಿದು, ಮತ್ತೆ ಶೇ. 20ರಷ್ಟು ಏರಿದರೆ ಮೊದಲಿನ ಬೆಲೆಗೇ ಬರುತ್ತದೆಯೆ? ಮೂರಕ್ಕೂ ಉತ್ತರ ಹೇಳಲು ನನಗೆ ಬರುತ್ತಿತ್ತು. ಕಾರಣ ಹೇಳಲು ಬರುತ್ತಿರಲಿಲ್ಲ. ಮಕ್ಕಳು ಕೇಳುವುದು ಕಾರಣವನ್ನೇ.

ಮೊದಲು ತರಬೇತಿ ಕೇಂದ್ರದ ವಿಷಯ ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಕೆಲಸಕ್ಕೆ ಅತ್ಯಂತ ಕಡಿಮೆ ಒದಗಿದ್ದು ಅದು. ಹೆಸರು ಬೇಡ. ವಾರದ ಕೊನೆಯ ತರಗತಿ, ಕಿಕ್ಕಿರಿದ ಕೋಣೆ, ಅರ್ಧ ವಯಸ್ಸಿನ ಹುಡುಗ ಹುಡುಗಿಯರ ನಡುವೆ ನಾನು. ಧಾರಣೆಯ ಪ್ರಶ್ನೆಗೆ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಸಿಕ್ಕಿತು: ಎರಡು ಶೇಕಡಾಗಳನ್ನು ಕೂಡಿಸಿ, ಅವುಗಳ ಗುಣಲಬ್ಧವನ್ನು ನೂರರಿಂದ ಭಾಗಿಸಿ ಸೇರಿಸಿ. ಋಣ 20, ಧನ 20 ಕೂಡಿದರೆ ಸೊನ್ನೆ. ಗುಣಿಸಿದರೆ ಋಣ 400, ನೂರರಿಂದ ಭಾಗಿಸಿದರೆ ಋಣ 4. ಅಂದರೆ ಶೇ. 4ರಷ್ಟು ನಷ್ಟ. ಉತ್ತರ ಸರಿಯೇ. ಏಕೆ ಹೀಗೆ ಎಂದು ಕೇಳಿದ್ದಕ್ಕೆ ಬಂದ ಮಾತು: ‘ಪರೀಕ್ಷೆಯಲ್ಲಿ ಏಕೆ ಎಂದು ಕೇಳುವುದಿಲ್ಲ ಮೇಡಂ.’ ಆ ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರ ಎದುರು ಕುಳಿತವರಿಗೆ ಬೇಕಾದದ್ದು ಅದೇ. ಗಡಿಯಾರ ನೋಡುತ್ತ ಉತ್ತರ ಗುರುತಿಸಬೇಕಾದವರು ಈ ಬರಹದ ಉಳಿದ ಭಾಗವನ್ನು ಬಿಟ್ಟು ಅಲ್ಲಿಗೇ ಹೋಗಬಹುದು.

ಆದರೆ ಸೂತ್ರ ಎಲ್ಲಿ ಮುಗಿಯುತ್ತದೆ ಎಂದು ಸೂತ್ರವೇ ಹೇಳುವುದಿಲ್ಲ. ಒಬ್ಬಳು 6 ಗಂಟೆಯಲ್ಲಿ ಸುಲಿಯುವ ಅಡಿಕೆಯನ್ನು ಇನ್ನೊಬ್ಬಳು 12 ಗಂಟೆಯಲ್ಲಿ ಸುಲಿಯುತ್ತಾಳೆ. ಇಬ್ಬರೂ ಕುಳಿತರೆ ಎಷ್ಟು ಹೊತ್ತು? ಗುಣಲಬ್ಧವನ್ನು ಮೊತ್ತದಿಂದ ಭಾಗಿಸು, 72ನ್ನು 18ರಿಂದ ಭಾಗಿಸಿದರೆ 4 ಗಂಟೆ. ಸರಿ. ಮೂರನೆಯವಳು, ಅವಳೂ 12 ಗಂಟೆಯವಳು, ಮೆಟ್ಟುಗತ್ತಿಯ ಮುಂದೆ ಬಂದು ಕುಳಿತರೆ? ಪಕ್ಕದ ಹುಡುಗ ಮೂರನ್ನೂ ಗುಣಿಸಿ, ಮೊತ್ತ 30ರಿಂದ ಭಾಗಿಸಿ 28.8 ಗಂಟೆ ಎಂದು ಬರೆದ. ಕೈ ಹೆಚ್ಚಾದಷ್ಟೂ ಕೆಲಸ ತಡವಾಗುವ ಸುಗ್ಗಿಯನ್ನು ಮಲೆನಾಡಿನಲ್ಲಿ ನಾನಂತೂ ಕಂಡಿಲ್ಲ. ಗಂಟೆಗೆ ಆರನೆಯ ಒಂದು ಪಾಲು, ಹನ್ನೆರಡನೆಯ ಒಂದು ಪಾಲು, ಮತ್ತೆ ಹನ್ನೆರಡನೆಯ ಒಂದು ಪಾಲು. ಕೂಡಿದರೆ ಮೂರನೆಯ ಒಂದು ಪಾಲು, ಅಂದರೆ ಒಟ್ಟು 3 ಗಂಟೆ. ಇದಕ್ಕೆ ಬೇಕಾದದ್ದು ಆರನೆಯ ತರಗತಿಯ ಭಿನ್ನರಾಶಿಯ ಸಂಕಲನ, ಅಷ್ಟೆ.

ಖಾನ್ ಅಕಾಡೆಮಿಯ ಮೇಲೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್ 2004ರಲ್ಲಿ ದೂರದ ಊರಿನಲ್ಲಿದ್ದ ಚಿಕ್ಕ ವಯಸ್ಸಿನ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಹೊರಟದ್ದು ಅದರ ಮೂಲ, ಸಂಸ್ಥೆಯಾದದ್ದು 2008ರಲ್ಲಿ. ಆ ಮನೆಪಾಠದ ಧಾಟಿ ಇವತ್ತಿಗೂ ಉಳಿದಿದೆ. ಮುಖ ಕಾಣುವುದಿಲ್ಲ, ಕಪ್ಪು ಹಲಗೆಯ ಮೇಲೆ ಬಣ್ಣದ ಬರವಣಿಗೆ, ಪಕ್ಕದಲ್ಲಿ ಕುಳಿತು ಮಾತಾಡುವ ದನಿ. ಕನ್ನಡದಲ್ಲೂ ಪಾಠಗಳಿವೆ, ಆದರೆ ಇಂಗ್ಲಿಷಿನಷ್ಟು ವಿಸ್ತಾರ ನನಗೆ ಕಾಣಲಿಲ್ಲ. ಋಣ ಸಂಖ್ಯೆಗಳ ಪ್ರಶ್ನೆಗೆ ಮನಸ್ಸು ಒಪ್ಪುವ ಉತ್ತರ ಕೊಟ್ಟದ್ದು ಇದೇ. 3 ಮತ್ತು ಋಣ 3 ಕೂಡಿದರೆ ಸೊನ್ನೆ. ಅದನ್ನು ಋಣ 2ರಿಂದ ಗುಣಿಸಿದರೂ ಸೊನ್ನೆಯೇ. ಈಗ ಆವರಣ ಬಿಡಿಸಿ ಬೇರೆ ಬೇರೆ ಗುಣಿಸಿ: ಮೊದಲ ಭಾಗ ಋಣ 6. ಎರಡನೆಯ ಭಾಗ, ಅಂದರೆ ಋಣ 2 ಗುಣಿಸು ಋಣ 3, ಎಷ್ಟಾಗಿದ್ದರೆ ಒಟ್ಟು ಸೊನ್ನೆಯಾಗುತ್ತದೆ? ಧನ 6 ಆಗಲೇಬೇಕು, ಬೇರೆ ದಾರಿಯಿಲ್ಲ. ಯಾರೋ ಮಾಡಿಟ್ಟ ಕಟ್ಟಳೆ ಎಂದು ಇಷ್ಟು ವರ್ಷ ನಂಬಿದ್ದು, ಉಳಿದ ನಿಯಮಗಳು ಮುರಿಯದಿರಲು ಬೇಕಾದ ಕೊಂಡಿ ಎಂದು ತಿಳಿದಾಗ ಒಲೆಯ ಮೇಲಿನ ಹಾಲು ಉಕ್ಕಿತ್ತು.

ಇನ್ನೊಂದು ಒಳ್ಳೆಯ ಗುಣ: ಮೂರನೆಯ ತರಗತಿಗೆ ಇಳಿದರೂ ನಗುವವರಿಲ್ಲ. ನಾನು ದಶಮಾಂಶಕ್ಕಾಗಿ ಕೆಳಗಿಳಿದು ಬಂದೆ, ಯಾರಿಗೂ ಗೊತ್ತಾಗಲಿಲ್ಲ. ಅಭ್ಯಾಸದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಆಗಲೇ ತಿಳಿಯುತ್ತದೆ. ಸುಳಿವು ಬೇಕೆಂದರೆ ಒಂದೊಂದೇ ಹೆಜ್ಜೆ ತೋರಿಸುತ್ತದೆ.

ತಕರಾರು ಎರಡು. ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ, ಆದ್ದರಿಂದ ಓದಲು ಕುಳಿತ ದಿನ ಓದಲಾಗುವುದಿಲ್ಲ. ಇದು ಖಾನ್ ಅವರ ತಪ್ಪಲ್ಲ. ಎರಡನೆಯದು ಸ್ವಲ್ಪ ಗಂಭೀರ: ನೋಡುವಾಗ ಎಲ್ಲವೂ ತಿಳಿದಂತಿರುತ್ತದೆ. ಅವರ ಕೈ ಬರೆಯುತ್ತದೆ, ನಮ್ಮ ತಲೆ ಆಡುತ್ತದೆ. ಮೊಬೈಲ್ ಕೆಳಗಿಟ್ಟು ಅದೇ ಲೆಕ್ಕವನ್ನು ಹಾಳೆಯ ಮೇಲೆ ಬರೆಯಲು ಹೊರಟರೆ ಎರಡನೆಯ ಸಾಲಿಗೇ ಪೆನ್ನು ನಿಲ್ಲುತ್ತದೆ. ಲೆಕ್ಕದ ಫೋಟೊ ತೆಗೆದರೆ ಹೆಜ್ಜೆ ಸಮೇತ ಬಿಡಿಸಿಕೊಡುವ ಆ್ಯಪ್‌ಗಳಲ್ಲಿ ಈ ರೋಗ ಇನ್ನೂ ಹೆಚ್ಚು. ಸಮೀಕರಣವನ್ನು ಅವು ಬಿಡಿಸುತ್ತವೆ, ನಿಜ. ಆದರೆ ‘ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು’ ಎಂಬ ಮಾತನ್ನು ಸಮೀಕರಣವಾಗಿ ಬರೆಯುವುದೇ ಕಷ್ಟದ ಭಾಗ. ಅದನ್ನು ನಾವು ಬರೆದುಕೊಟ್ಟ ಮೇಲೆ ಉಳಿಯುವುದು ಗುಮಾಸ್ತಿಕೆ.

ಪಠ್ಯಪುಸ್ತಕವನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಂಡು, ತೀರ್ಥಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸುರುಳಿ ಹಾಕಿಸಿಕೊಂಡೆ. ಎನ್‌ಸಿಇಆರ್‌ಟಿ ಎಂಬ ಕೇಂದ್ರ ಸಂಸ್ಥೆಯ ಪುಸ್ತಕದ ಕನ್ನಡ ರೂಪ ಇದು. ಭಾಷೆ ಬಿಗಿ, ಕೆಲವು ವಾಕ್ಯಗಳನ್ನು ಎರಡು ಸಲ ಓದಬೇಕು. ತರಗತಿಯಲ್ಲಿ ಒಬ್ಬರು ಶಿಕ್ಷಕರಿದ್ದಾರೆ ಎಂದೇ ಭಾವಿಸಿ ಬರೆದ ಪುಸ್ತಕ, ಹಾಗಾಗಿ ‘ಚರ್ಚಿಸಿ’ ಎಂದಲ್ಲಿ ಬೆಕ್ಕಿನ ಜೊತೆ ಚರ್ಚಿಸಬೇಕಾಗುತ್ತದೆ. ಕೊನೆಯಲ್ಲಿ ಉತ್ತರಗಳಿವೆ, ಆದರೆ ಅಲ್ಲಿಗೆ ಹೋಗುವ ಹೆಜ್ಜೆಗಳಿಲ್ಲ. ಇಷ್ಟೆಲ್ಲ ಹೇಳಿಯೂ ನಾಲ್ಕರಲ್ಲಿ ಮೊದಲ ಸ್ಥಾನವನ್ನು ನಾನು ಕೊಡುವುದು ಇದಕ್ಕೇ, ಮತ್ತು ಕಾರಣ ಅದರ ಕೊರತೆಯಲ್ಲೇ ಇದೆ: ಬರೆಯದೆ ಈ ಪುಸ್ತಕ ಮುಂದೆ ಸಾಗುವುದಿಲ್ಲ.

ಭಿನ್ನರಾಶಿಯ ಭಾಗಾಕಾರವನ್ನೇ ನೋಡಿ. ಏಳನೆಯ ತರಗತಿಯ ಪುಸ್ತಕ ನಿಯಮದಿಂದ ಶುರುಮಾಡುವುದಿಲ್ಲ. ಒಂದರಲ್ಲಿ ಎಷ್ಟು ಅರ್ಧಗಳಿವೆ, ಎಷ್ಟು ಕಾಲುಗಳಿವೆ ಎಂದು ಚಿತ್ರದಲ್ಲಿ ಎಣಿಸಲು ಹೇಳುತ್ತದೆ. ನಾನು ಅದನ್ನು ಜೇನಿಗೆ ತಂದುಕೊಂಡೆ. 6 ಲೀಟರ್ ಜೇನನ್ನು ಮುಕ್ಕಾಲು ಲೀಟರ್ ಹಿಡಿಯುವ ಬಾಟಲಿಗಳಿಗೆ ತುಂಬಬೇಕು. ಮೊದಲು ಎಲ್ಲವನ್ನೂ ಕಾಲು ಲೀಟರ್ ಲೆಕ್ಕಕ್ಕೆ ತಂದರೆ 24 ಕಾಲುಗಳು. ಅಂದರೆ ನಾಲ್ಕರಿಂದ ಗುಣಿಸಿದ್ದಾಯಿತು. ಒಂದು ಬಾಟಲಿಗೆ ಮೂರು ಕಾಲು, ಆದ್ದರಿಂದ ಮೂರರಿಂದ ಭಾಗಿಸು: 8 ಬಾಟಲಿ. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸುವುದು ಎಂದರೆ ಮುಕ್ಕಾಲನ್ನು ತಲೆಕೆಳಗು ಮಾಡಿ ಗುಣಿಸಿದಂತೆ. ಇದನ್ನು ಯಾರೂ ಹೇಳಲಿಲ್ಲ, ಹಾಳೆಯ ಮೇಲೆ ಬರೆಯುತ್ತಿದ್ದಾಗ ತಾನಾಗಿ ಕಂಡಿತು. ಧಾರಣೆಯ ಪ್ರಶ್ನೆಗೂ ಹಾಗೆಯೇ. 50,000 ರೂಪಾಯಿಯ ಶೇ. 20 ಎಂದರೆ 10,000, ಇಳಿದು 40,000. ಮತ್ತೆ ಏರುವಾಗ 40,000ದ ಶೇ. 20 ಎಂದರೆ 8,000 ಮಾತ್ರ, ಆದ್ದರಿಂದ ನಿಲ್ಲುವುದು 48,000ಕ್ಕೆ. ಎರಡು ಶೇಕಡಾಗಳು ಎರಡು ಬೇರೆ ಮೊತ್ತಗಳ ಮೇಲೆ ಕುಳಿತಿವೆ. ತರಬೇತಿ ಕೇಂದ್ರದ ಋಣ 4 ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಆಗ.

ಋಣ ಸಂಖ್ಯೆಗಳಲ್ಲಿ ಪುಸ್ತಕ ಸ್ವಲ್ಪ ಹಿಂದೆ. ಋಣ 3 ಗುಣಿಸು 2, ಗುಣಿಸು 1, ಗುಣಿಸು 0 ಎಂದು ಇಳಿಯುತ್ತ, ಉತ್ತರ ಮೂರು ಮೂರರಂತೆ ಏರುವ ವಿನ್ಯಾಸ ತೋರಿಸಿ, ಹಾಗಾದರೆ ಮುಂದಿನದು, ಅಂದರೆ ಋಣ 3 ಗುಣಿಸು ಋಣ 1, ಧನ 3 ಎನ್ನುತ್ತದೆ. ಸುಂದರವಾಗಿದೆ, ಆದರೆ ವಿನ್ಯಾಸ ಮುಂದುವರಿಯಲೇಬೇಕೆಂದು ಏನಿದೆ ಎಂದು ಮಗಳು ಕೇಳಿದಳು. ಅಲ್ಲಿ ಖಾನ್ ಗೆದ್ದರು.

ಇನ್ನು ದೊಡ್ಡಪ್ಪ. ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಮಗ್ಗಿಗಳನ್ನು ಬಾಯಿಪಾಠ ಮಾಡಿದ ತಲೆಮಾರು ಅವರದು. ಜೇನಿನ ಲೆಕ್ಕ ಹೇಳಿ ಮುಗಿಸುವ ಮೊದಲೇ ‘ಎಂಟು ಮುಕ್ಕಾಲು ಆರು, ಎಂಟು ಬಾಟಲಿ ತೊಳೆದಿಡು’ ಎಂದರು. ಅವರಿಗೆ ಅದು ಭಾಗಾಕಾರವೇ ಅಲ್ಲ, ಮಗ್ಗಿಯನ್ನು ಹಿಂದಿನಿಂದ ಓದುವುದು. ಅಂದಾಜಿನಲ್ಲಿ ಅವರನ್ನು ಮೀರಿಸಿದ ದಾರಿ ನಾಲ್ಕರಲ್ಲಿ ಇನ್ನೊಂದಿಲ್ಲ. ಒಂಬತ್ತಡಿ ಅಂತರಕ್ಕೆ ಎಕರೆಗೆ ಎಷ್ಟು ಅಡಿಕೆ ಸಸಿ ಎಂದು ಕೇಳಿದೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ; ಒಂದು ಸಸಿಗೆ 81 ಚದರಡಿ. ‘ಗುಂಟೆಗೆ ಹದಿಮೂರೂವರೆ, ಎಕರೆಗೆ ಐನೂರ ನಲವತ್ತು.’ ಕ್ಯಾಲ್ಕ್ಯುಲೇಟರಿನಲ್ಲಿ ಬಂದದ್ದು 537 ಚಿಲ್ಲರೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೂ ಅಷ್ಟೇ: ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂದು ಗೊತ್ತಿದ್ದವರಿಗೆ ಒಂದೂವರೆ ಕಿಲೊ ಮಾತ್ರ ಉಳಿದಾಗ ಡ್ರಮ್ಮನ್ನು ಎಲ್ಲಿಯವರೆಗೆ ತುಂಬಬೇಕೆಂದು ಹೇಳಲು ತ್ರೈರಾಶಿಯ ಹೆಸರು ಬೇಕಿಲ್ಲ.

ಆದರೆ ಋಣ ಗುಣಿಸು ಋಣ ಎಂದೊಡನೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಸಾಲವನ್ನು ಸಾಲದಿಂದ ಗುಣಿಸುವ ದಡ್ಡ ಯಾವ ಮಂಡಿಯಲ್ಲಿ ಇದ್ದಾನೆ?’ ಅಕ್ಷರ ಬಂದರೆ ಗಣಿತ ಅಲ್ಲ ಎಂಬುದು ಅವರ ನಿಲುವು. ಎಕ್ಸ್ ಎಂದರೆ ಎದ್ದು ಹೋಗುತ್ತಾರೆ.

ಒಂದಕ್ಕಿಂತ ಹೆಚ್ಚು ದಾರಿ ಒಟ್ಟಿಗೆ ಬೇಕಾದ ಸಂದರ್ಭ ಸಂಘದಲ್ಲಿ ಬಂತು. ಖಾಸಗಿ ಸಾಲದವರೊಬ್ಬರು 60,000 ರೂಪಾಯಿಗೆ ವರ್ಷಕ್ಕೆ ಶೇ. 12 ಬಡ್ಡಿ, ಹನ್ನೆರಡು ಕಂತು ಎಂದರು. ನಮ್ಮ ಸಂಘದಲ್ಲೂ ಶೇ. 12. ಎರಡರಲ್ಲೂ ಮೊದಲ ಕಂತು 5,600. ವ್ಯತ್ಯಾಸ ಏನೂ ಇಲ್ಲ ಎಂದು ಸದಸ್ಯರು ಹೊರಟಿದ್ದರು. ಖಾಸಗಿಯವರದು ಪೂರ್ತಿ ಅಸಲಿನ ಮೇಲೆ ವರ್ಷವಿಡೀ ಬಡ್ಡಿ, ಸರಳಬಡ್ಡಿಯ ಸೂತ್ರ ಹಾಕಿದರೆ 7,200. ಕಂತು ಕೊನೆಯವರೆಗೂ 5,600. ದೊಡ್ಡಪ್ಪ ಕೇಳಿದ್ದು ಒಂದೇ ಮಾತು: ‘ವಾಪಸು ಕೊಟ್ಟ ಹಣಕ್ಕೂ ಬಡ್ಡಿಯೇ?’ ಆ ಮಾತನ್ನು ಪುಸ್ತಕದ ರೀತಿಯಲ್ಲಿ ಸಾಲು ಸಾಲಾಗಿ ಬರೆದೆ. ಸಂಘದಲ್ಲಿ ತಿಂಗಳಿಗೆ 5,000 ಅಸಲು ತೀರುತ್ತದೆ, ಉಳಿದದ್ದರ ಮೇಲೆ ಮಾತ್ರ ಶೇ. 1. ಬಡ್ಡಿ 600, 550, 500 ಎಂದು ಇಳಿದು ಕೊನೆಗೆ 50. ಎಲ್ಲವನ್ನೂ ಭಾಗಿಸುವ ಐವತ್ತನ್ನು ಹೊರಗೆ ತೆಗೆದರೆ ಒಳಗೆ 1ರಿಂದ 12ರವರೆಗಿನ ಮೊತ್ತ, 78. ಒಟ್ಟು ಬಡ್ಡಿ 3,900. ಶೇಕಡಾ ಒಂದೇ, ಬಡ್ಡಿ ಸುಮಾರು ಅರ್ಧ. ಹಾಳೆಯನ್ನು ಸಭೆಯಲ್ಲಿ ಕೈಯಿಂದ ಕೈಗೆ ಕೊಟ್ಟೆವು.

ಶುರುಮಾಡುವವರು ಎಂಟನೆಯ ತರಗತಿಗೆ ಹಾರದೆ ಆರರ ಭಿನ್ನರಾಶಿ, ದಶಮಾಂಶದಿಂದಲೇ ಹೊರಡಿ. ಪುಸ್ತಕ ಸಿಕ್ಕಿಹಾಕಿಕೊಂಡ ಕಡೆ ಮಾತ್ರ ವೀಡಿಯೊ. ಉತ್ತರ ಬರುವ ಮೊದಲು ಅಂದಾಜು ಹೇಳುವ ಅಭ್ಯಾಸಕ್ಕೆ ಒಬ್ಬ ಹಿರಿಯರು. ರೇಖಾಗಣಿತದ ರಚನೆಗಳನ್ನು ನಾನು ಸದ್ಯಕ್ಕೆ ಬಿಟ್ಟಿದ್ದೇನೆ, ಕೈವಾರ ಮಗಳ ಬಳಿ ಇದೆ.

ಈಗ ಅಪವರ್ತನದ ಅಧ್ಯಾಯ ನಡೆಯುತ್ತಿದೆ. ಎ ವರ್ಗ ಕಳೆ ಬಿ ವರ್ಗ ಎಂದು ಹೇಳುವ ಗೋಜಿಗೆ ಹೋಗದೆ ದೊಡ್ಡಪ್ಪನನ್ನು 103 ಗುಣಿಸು 97 ಎಷ್ಟು ಎಂದು ಕೇಳಿದೆ. ‘ಹತ್ತು ಸಾವಿರದಲ್ಲಿ ಒಂಬತ್ತು ಕಡಿಮೆ’ ಎಂದರು. ನೂರರ ವರ್ಗದಲ್ಲಿ ಮೂರರ ವರ್ಗ ಕಳೆದಿರಿ, ನೀವು ಮಾಡಿದ್ದು ಬೀಜಗಣಿತವೇ ಎಂದು ಪುಸ್ತಕದ ಪುಟ ತೋರಿಸಿದರೆ, ಅವರು ಇನ್ನೂ ಒಪ್ಪಿಲ್ಲ.