ಐಪಿ ಫೋನ್ ಚೆನ್ನಾಗಿದೆ, ಆದರೆ ಟೋನ್ ಮಾತ್ರ ಅಮೆರಿಕದ್ದು

ಪೀಣ್ಯದ ನಮ್ಮ ಆಫೀಸಿಗೆ ಈ ಐಪಿ ಫೋನ್‌ಗಳು (ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಕರೆ ಮಾಡೋ ಫೋನ್‌ಗಳು) ಬಂದು ವರ್ಷಗಳೇ ಆದವು. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ, ಇದೇ ತಲೆನೋವು ಬೇರೆ ಕಂಪನಿ ಸೆಟ್‌ಗಳಲ್ಲೂ ಇದೆ. ಧ್ವನಿ ಸ್ಪಷ್ಟ, ಬಟನ್‌ಗಳು ಇನ್ನೂ ಗಟ್ಟಿ, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಬರೋದರಿಂದ ಅಡಾಪ್ಟರ್ ಕಾಟ ಇಲ್ಲ.

ಬೇಸರ ಟೋನ್‌ಗಳದ್ದು. ಡಬ್ಬದಿಂದ ತೆಗೆದಾಗ ಎಲ್ಲವೂ ಅಮೆರಿಕದ ಲೆಕ್ಕಕ್ಕೆ ಇರುತ್ತೆ. ಆ ಕಡೆ ರಿಂಗ್ ಆಗುವಾಗ ನಮ್ಮ ಕಿವಿಗೆ 2 ಸೆಕೆಂಡ್ ಸದ್ದು, 4 ಸೆಕೆಂಡ್ ಮೌನ. ನಮಗೆ ಅಭ್ಯಾಸ ಇರೋದು ಜೋಡಿ ಟ್ರಿಣ್ ಟ್ರಿಣ್, ಆಮೇಲೆ 2 ಸೆಕೆಂಡ್ ಬಿಡುವು. ಸ್ಟೋರ್ಸ್‌ನವರು ಆ ಮೌನಕ್ಕೆ ಲೈನ್ ಕಟ್ ಆಯ್ತು ಅಂದುಕೊಂಡು ಇಟ್ಟುಬಿಡೋರು, ಮತ್ತೆ ಮಾಡೋರು, ಆಮೇಲೆ "ಸಾರ್, ಫೋನ್ ಹೋಗ್ತಾನೇ ಇಲ್ಲ" ಅಂತ ನನ್ನ ಹತ್ತಿರ ಬರೋರು. ಹೊರಗಿನ ಮೊಬೈಲ್‌ಗೆ ಮಾಡಿದರೆ ಈ ಕಷ್ಟ ಕಮ್ಮಿ, ಸಾಮಾನ್ಯವಾಗಿ ಆ ಸದ್ದು ಆ ಕಡೆಯ ನೆಟ್‌ವರ್ಕಿನಿಂದಲೇ ಬರುತ್ತೆ, ಕಾಲರ್ ಟ್ಯೂನ್ ಕೇಳಿಸೋದೂ ಹಾಗೇ ಅಲ್ವಾ? ಆಫೀಸಿನೊಳಗಿನ ಎಕ್ಸ್‌ಟೆನ್ಷನ್‌ಗಳ ನಡುವೆ ಮಾತ್ರ ಕರೆ ಜೋಡಿಸೋ ಸರ್ವರ್ ಬರೀ 'ರಿಂಗ್ ಆಗ್ತಿದೆ' ಅಂತ ಸಂದೇಶ ಕಳಿಸುತ್ತೆ, ಸದ್ದು ಹುಟ್ಟಿಸೋದು ಫೋನೇ.

ಸರಿಮಾಡೋದು ಸುಲಭ, ಹುಡುಕೋದೇ ಕಷ್ಟ. ಫೋನಿನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು, ಅಡ್ಮಿನ್ ಲಾಗಿನ್ ಆಗಿ, ರೀಜನಲ್ ಪುಟಕ್ಕೆ ಹೋಗಬೇಕು. ನಮ್ಮದರಲ್ಲಿ ದೇಶ ಆರಿಸೋ ಪಟ್ಟಿಯೇ ಇಲ್ಲ, ಒಂದೊಂದು ಟೋನನ್ನೂ ಕೈಯಲ್ಲೇ ಬರೆಯಬೇಕು. ಎಂಗೇಜ್ ಟೋನ್‌ಗೆ 400@-19;10(.75/.75/1). ಅಂದರೆ 400 ಹರ್ಟ್ಸ್ ಸದ್ದು (-19 ಅದರ ಜೋರಿನ ಮಟ್ಟ), ಮುಕ್ಕಾಲು ಸೆಕೆಂಡ್ ಬಂದು ಮುಕ್ಕಾಲು ಸೆಕೆಂಡ್ ನಿಲ್ಲುತ್ತೆ, ಹೀಗೆ 10 ಸೆಕೆಂಡ್. ರಿಂಗ್ ಕೇಳೋ ಟೋನ್‌ಗೆ 400@-19;*(.4/.2/1,.4/2/1), ಇಲ್ಲಿ * ಅಂದರೆ ಸಮಯದ ಮಿತಿ ಇಲ್ಲ. ನಮ್ಮ ಅಸಲಿ ಡಯಲ್ ಟೋನ್‌ನಲ್ಲಿ 400ರ ಮೇಲೆ 25 ಹರ್ಟ್ಸ್ ನಡುಕ ಬೇರೆ ಇರುತ್ತೆ, ಅದನ್ನು ಇಲ್ಲಿ ನೇರವಾಗಿ ಬರೆಯೋಕೆ ಆಗಲ್ಲ. ಬರೀ 400 ಕೊಟ್ಟೆ, ಯಾರೂ ಗಮನಿಸಲಿಲ್ಲ. ಸೇವ್ ಮಾಡಿದರೆ ಫೋನ್ ರೀಬೂಟ್ ಆಗುತ್ತೆ, ಊಟದ ಹೊತ್ತಲ್ಲಿ ಮಾಡಿ.

ಇಷ್ಟು ಬರೀ ಕಿವಿಯ ವಿಷಯ. ಹಳೇ ಲ್ಯಾಂಡ್‌ಲೈನನ್ನು ಗೇಟ್‌ವೇ ಡಬ್ಬಿ ಮೂಲಕ ಜೋಡಿಸಿದ್ದರೆ ನಿಜವಾದ ನಷ್ಟ ಅಲ್ಲಿದೆ. ಹೊರಗಿನವರು ಫೋನ್ ಇಟ್ಟಾಗ ಎಕ್ಸ್‌ಚೇಂಜ್ ಎಂಗೇಜ್ ಟೋನ್ ಕಳಿಸುತ್ತೆ. ಗೇಟ್‌ವೇ ಮಾತ್ರ ಅಮೆರಿಕದ 480 ಮತ್ತು 620 ಹರ್ಟ್ಸ್ ಜೋಡಿಗೆ ಕಾಯುತ್ತಾ ಕೂತಿರುತ್ತೆ, ಕರೆ ಮುಗಿದಿದ್ದೇ ಅದಕ್ಕೆ ಗೊತ್ತಾಗಲ್ಲ. ಲೈನ್ ಸಿಕ್ಕಿಹಾಕಿಕೊಂಡು ಗಿರಾಕಿಗಳಿಗೆಲ್ಲ ನಾವು ಸದಾ ಎಂಗೇಜ್. ಹಾಕಿಕೊಟ್ಟ ಡೀಲರ್ ಲೈನೇ ಸರಿ ಇಲ್ಲ ಅಂತ ಕೈತೊಳೆದುಕೊಂಡರು. ಡಿಸ್ಕನೆಕ್ಟ್ ಟೋನ್ ಜಾಗದಲ್ಲಿ 400, .75/.75 ಹಾಕಿದ ಮೇಲೆ ಆ ಕಾಟ ಮತ್ತೆ ಬಂದಿಲ್ಲ.

ಫೋನಿನ ಅದೇ ರೀಜನಲ್ ಪುಟದಲ್ಲಿ ಟೈಮ್‌ಝೋನ್ +5:30 ಮಾಡಿ, ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡೋ ಪದ್ಧತಿ) ಸಾಲು ಅಳಿಸಿ, ಇಲ್ಲದಿದ್ದರೆ ಗಡಿಯಾರ ಒಂದು ಗಂಟೆ ಆಚೀಚೆ ಆಗುತ್ತೆ.

ಐದಕ್ಕೆ ನಾಲ್ಕು ಸ್ಟಾರ್. ನಾಲ್ಕೈದಕ್ಕಿಂತ ಜಾಸ್ತಿ ಫೋನ್ ಇದ್ದರೆ ಒಂದೊಂದಕ್ಕೂ ಬರೆಯುತ್ತಾ ಕೂರಬೇಡಿ, ಪ್ರೊವಿಷನಿಂಗ್ ಫೈಲ್‌ನಲ್ಲಿ (ಫೋನ್‌ಗಳು ಸರ್ವರಿನಿಂದ ಸೆಟ್ಟಿಂಗ್ ಓದಿಕೊಳ್ಳೋ ಫೈಲ್) ಹಾಕಿಬಿಡಿ. ಫ್ಯಾಕ್ಟರಿ ರೀಸೆಟ್ ಆದರೂ ಅಲ್ಲಿಂದ ತಾನೇ ಎಳೆದುಕೊಳ್ಳುವ ಹಾಗೆ ಆ ಸರ್ವರ್ ವಿಳಾಸವನ್ನು ಡಿಎಚ್‌ಸಿಪಿಯಲ್ಲೇ (ಫೋನ್‌ಗಳಿಗೆ ಐಪಿ ವಿಳಾಸ ಹಂಚೋ ವ್ಯವಸ್ಥೆ) ಕೊಡಿ.