‘ಮೂರು ಕೇಜಿ ದಾಟಲ್ಲ’ ಅಂತ ಕೊಟ್ಟ ಪಾಮ್ ಮರಿ: ನಾಯಿ ತರುವ ಮುಂಚೆ ದಯವಿಟ್ಟು ಓದಿ

ಟೀಕಪ್ ಪಾಮ್, ಟಾಯ್ ಪಾಮ್, ಮಿನಿ ಪಾಮ್ (ಪಾಮ್ ಅಂದರೆ ಪಾಮೇರಿಯನ್ ಅನ್ನುವ ಪುಟ್ಟ ತಳಿ) ಅಂತೆಲ್ಲ ಫೋಟೋ ಹಾಕಿ ಮಾರುತ್ತಿರುವ ಮರಿಗೆ ಅಡ್ವಾನ್ಸ್ ಕಳಿಸುವ ಯೋಚನೆಯಲ್ಲಿದ್ದೀರಾ? ದುಡ್ಡು ಹಾಕುವ ಮುಂಚೆ ಇದನ್ನು ಪೂರ್ತಿ ಓದಿ. ವಯಸ್ಸಾದ ಅಪ್ಪ ಅಮ್ಮನಿಗೆ ಜೊತೆಯಾಗಲಿ ಅಂತ ಸಣ್ಣ ತಳಿ ಹುಡುಕುತ್ತಿರುವವರು, ‘ಸಣ್ಣ ನಾಯಿಯಾದರೆ ಮಾತ್ರ ಇಟ್ಟುಕೊಳ್ಳಿ’ ಅಂದಿರುವ ಓನರ್ ಮನೆಯಲ್ಲಿ ಬಾಡಿಗೆಗಿರುವವರು ಖಂಡಿತ ಓದಿ. ನಮ್ಮ ಮನೆಯಲ್ಲಿ ಈಗ ಹದಿಮೂರು ಕೇಜಿಯ ನಾಯಿ ಇದೆ. ಮಾರಿದವನು ಹೇಳಿದ್ದು ಮೂರು ಕೇಜಿ.

ಅಮ್ಮ ಮೈಸೂರಿನಲ್ಲಿ ಒಬ್ಬರೇ ಇರುತ್ತಾರೆ. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಅಪ್ಪ ಹೋದ ಮೇಲೆ ಮನೆ ಬಿಕೋ ಅನ್ನುತ್ತೆ, ಒಂದು ನಾಯಿಮರಿ ತಂದುಕೊಡು ಅಂದರು. ತಮಗೆ ಎಂಥದ್ದು ಬೇಕು ಅನ್ನುವುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು: ಕುರ್ಚಿಯಲ್ಲಿ ಕೂತಲ್ಲಿಂದಲೇ ಎತ್ತಿಕೊಳ್ಳುವಷ್ಟು ಹಗುರ ಇರಬೇಕು, ಚೈನು ಹಿಡಿದರೆ ಎಳೆಯಬಾರದು. ಇದನ್ನೆಲ್ಲ ನಾನೂ ಹೇಳಿದ್ದೆ, ಫೋನಿನಲ್ಲಿ ಅಮ್ಮನೂ ಮಾರುವವನ ಹತ್ತಿರ ಹೇಳಿದ್ದರು. “ನೀವೇನೂ ಯೋಚನೆ ಮಾಡ್ಬೇಡಿ ಅಮ್ಮ, ಇದು ಎಷ್ಟೇ ಬೆಳೆದ್ರೂ ಮೂರು ಕೇಜಿ ದಾಟಲ್ಲ. ಬೇಕಾದ್ರೆ ಬರ್ಕೊಡ್ತೀನಿ” ಅಂದ. ವಾಟ್ಸ್ಯಾಪಿನಲ್ಲಿ ಬರೆದೂ ಕೊಟ್ಟ. ಆ ಮೆಸೇಜು ಈಗಲೂ ನನ್ನ ಹತ್ತಿರ ಇದೆ.

ತಾಯಿ ನಾಯಿಯನ್ನು ನೋಡಬೇಕು ಅಂದಾಗ, “ಅದು ಫಾರ್ಮಲ್ಲಿದೆ ಸಾರ್, ಬಾಣಂತಿ ನಾಯಿ, ಹೊರಗಿನವರು ಹೋದ್ರೆ ಇನ್ಫೆಕ್ಷನ್ ಆಗುತ್ತೆ” ಅಂತ ಹೇಳಿ ಒಂದು ವಿಡಿಯೋ ಕಳಿಸಿದ. ಕೇಸರಿ ಬಣ್ಣದ ಪುಟ್ಟ ನಾಯಿ, ನೋಡಿದರೆ ಎರಡು ಕೇಜಿಯೂ ಇರಲಾರದು. ಮರಿಯನ್ನು ಕೊಟ್ಟಿದ್ದು ರಿಂಗ್ ರೋಡಿನ ಪಕ್ಕ ನಿಲ್ಲಿಸಿದ್ದ ಕಾರಿನಿಂದ. ಅರವತ್ತು ದಿನದ ಮರಿ, ಒಂದು ಇಂಜೆಕ್ಷನ್ ಆಗಿದೆ ಅಂತ ಒಂದು ಪುಸ್ತಕ ಕೈಗಿಟ್ಟ. ಅಂಗೈಯಲ್ಲಿ ಕೂರುವಷ್ಟು ಸಣ್ಣ ಮರಿ. ಅಮ್ಮನ ಖುಷಿಗೆ ಪಾರವೇ ಇರಲಿಲ್ಲ. ಗುಂಡ ಅಂತ ಹೆಸರಿಟ್ಟರು.

ಮಾರನೆಯ ದಿನ ಪಶುವೈದ್ಯರ ಹತ್ತಿರ ಹೋದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಬೆರಳಿನಲ್ಲಿ ಅದರ ತುಟಿ ಮೇಲೆತ್ತಿ ಬಾಯಿ ನೋಡಿದ್ದು. ಮುಂದಿನ ಪುಟ್ಟ ಹಲ್ಲು, ಸೂಜಿಯಂಥ ಕೋರೆಹಲ್ಲು ಬಂದಿದ್ದವು. ಹಿಂದೆ ವಸಡು ಬರೀ ನುಣ್ಣಗಿತ್ತು. “ಇಲ್ಲಿ ಕೈಯಿಟ್ಟು ನೋಡಿ” ಅಂತ ನನ್ನ ಬೆರಳನ್ನೂ ಇಡಿಸಿದರು. ನಾಯಿಮರಿಗೆ ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಮೂಡಲು ಶುರುವಾಗುತ್ತದೆ, ಎಂಟು ವಾರದ ಹೊತ್ತಿಗೆ ಇಪ್ಪತ್ತೆಂಟೂ ಹೆಚ್ಚುಕಮ್ಮಿ ಬಂದಿರುತ್ತವೆ. “ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು. ತಾಯಿ ಹಾಲು ಬಿಡಿಸಿ ತಂದಿದ್ದಾರೆ” ಅಂದರು.

ಈ ಇಡೀ ದಂಧೆ ನಿಂತಿರುವುದೇ ಇದರ ಮೇಲೆ. ಐದು ವಾರದ ಮರಿಯನ್ನು ಎರಡು ತಿಂಗಳದ್ದು ಅಂದರೆ ಯಾವ ತಳಿಯಾದರೂ ‘ಟಾಯ್’ ಆಗಿ ಕಾಣುತ್ತದೆ. ಅಷ್ಟು ಪುಟ್ಟದಾಗಿ ಕಂಡದ್ದು ಎಳೆಯ ವಯಸ್ಸಿನಿಂದ, ತಳಿಯಿಂದಲ್ಲ. ಪುಸ್ತಕದಲ್ಲಿ ಇಂಜೆಕ್ಷನ್ ಕೊಟ್ಟಿದ್ದು ನಲವತ್ತೈದನೇ ದಿನ ಅಂತ ಬರೆದಿತ್ತು. ಮರಿ ಹುಟ್ಟಿ ಇನ್ನೂ ಅಷ್ಟು ದಿನವೇ ಆಗಿಲ್ಲ! ಅಸಲಿ ಲಸಿಕೆ ಹಾಕಿದ್ದರೆ ಬಾಟಲಿ ಮೇಲಿನ ಸ್ಟಿಕ್ಕರ್ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ, ಅದರಲ್ಲಿ ಬ್ಯಾಚ್ ನಂಬರು ಇರುತ್ತದೆ, ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಇರುತ್ತವೆ. ನಮ್ಮದರಲ್ಲಿ ಇದ್ದದ್ದು ಪೆನ್ನಿನಲ್ಲಿ ಗೀಚಿದ ಒಂದು ತಾರೀಖು ಮಾತ್ರ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ವಾಂತಿ ಭೇದಿ ತರುವ ಪಾರ್ವೋ ವೈರಸ್ ಬಂದರೆ ಮರಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ತೀರಾ ಎಳೆಯದಿದ್ದಾಗ ಲಸಿಕೆ ನಿಜವಾಗಿ ಕೊಟ್ಟಿದ್ದರೂ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಅದನ್ನು ಕೆಲಸ ಮಾಡಲು ಬಿಡದಿರಬಹುದು. ಡಾಕ್ಟರು ಆ ಪುಸ್ತಕವನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರುಮಾಡಿದರು.

ನನಗೆ ಇವತ್ತಿಗೂ ಸಿಟ್ಟು ಇಳಿಯದಿರುವುದು ಇನ್ನೊಂದು ಮಾತಿಗೆ. ಮರಿ ಕೊಡುವಾಗ ಅವನು ಊಟದ ಲೆಕ್ಕ ಹೇಳಿದ್ದ: ದಿನಕ್ಕೆ ಎರಡೇ ಸಲ, ಎರಡೇ ಚಮಚ ಸೆರೆಲ್ಯಾಕ್. “ಜಾಸ್ತಿ ಹಾಕಿದ್ರೆ ಸೈಜು ಬಂದ್ಬಿಡುತ್ತೆ” ಅಂದಿದ್ದ. ಅಂದರೆ ಹಸಿವಿನಲ್ಲಿಟ್ಟು ಸಣ್ಣದಾಗಿ ಉಳಿಸಿ ಅಂತ ಅರ್ಥ. ಆ ವಯಸ್ಸಿನ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ ಹೊಟ್ಟೆಗೆ ಬೀಳಬೇಕು. ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಅಂಶ ಕುಸಿಯುತ್ತದೆ. ತಂದ ರಾತ್ರಿಯೇ ನಮಗೆ ಅದು ಕಣ್ಣಾರೆ ಕಂಡಿತ್ತು. ಮಲಗಿದ್ದ ಮರಿ ಎದ್ದು ನಿಲ್ಲಲು ಹೋಗಿ ಹಿಂಗಾಲು ಜೋಲಿ ಹೊಡೆದು ಬಿತ್ತು, ಮೈ ಸಣ್ಣಗೆ ನಡುಗುತ್ತಿತ್ತು, ವಸಡು ಬಿಳುಚಿಕೊಂಡಿತ್ತು. ಅಮ್ಮ ಬೆರಳಿಗೆ ಜೇನುತುಪ್ಪ ಸವರಿ ಅದರ ವಸಡಿಗೆ ಹಚ್ಚುತ್ತಾ ಕೂತರು, ಮೈ ಬೆಚ್ಚಗಿರಲಿ ಅಂತ ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಬದುಕಿತು. ಅಮ್ಮ ಮಾಡಿದ್ದೇ ಸರಿ ಅಂತ ಡಾಕ್ಟರು ಆಮೇಲೆ ಹೇಳಿದರು. ಪುಟ್ಟ ಮರಿ ಮಂಕಾಗಿ ತೂರಾಡಿದರೆ ಜೇನು ಅಥವಾ ಸಕ್ಕರೆ ನೀರನ್ನು ವಸಡಿಗೆ ಹಚ್ಚಿ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಪ್ರಜ್ಞೆ ಇಲ್ಲದಿದ್ದಾಗ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ.

ನಾಲ್ಕು ತಿಂಗಳಾಗುವ ಹೊತ್ತಿಗೆ ಗುಂಡ ಆರು ಕೇಜಿ ದಾಟಿದ್ದ. ಸಣ್ಣ ತಳಿಗಳು ಆ ವಯಸ್ಸಿಗೆ ಪೂರ್ಣ ತೂಕದ ಸುಮಾರು ಅರ್ಧದಷ್ಟು ಆಗಿರುತ್ತವೆ, ಹತ್ತು ಹನ್ನೆರಡು ತಿಂಗಳಿಗೆ ಬೆಳವಣಿಗೆ ನಿಲ್ಲುತ್ತದೆ ಅಂತ ಹೇಳಿ ಡಾಕ್ಟರು ಅವತ್ತೇ ಲೆಕ್ಕ ಹಾಕಿ ಹನ್ನೆರಡರ ಮೇಲೆ ಹೋಗುತ್ತಾನೆ ಅಂದರು. ಇದು ಪಾಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್ ಅಂತಲೂ ಹೇಳಿದರು. ನಮ್ಮಲ್ಲಿ ಮನೆಮನೆಯ ಗೇಟಿನ ಹಿಂದೆ ಬೊಗಳುತ್ತಿದ್ದ ಆ ಬಿಳಿ ನಾಯಿಗಳನ್ನೆಲ್ಲ ಎಲ್ಲರೂ ಪಾಮೇರಿಯನ್ ಅಂತಲೇ ಕರೆದದ್ದು. ಅವುಗಳಲ್ಲಿ ಬಹುಪಾಲು ಸ್ಪಿಟ್ಜ್. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಅದನ್ನು ಬೇರೆಯದೇ ತಳಿಯಾಗಿ ಗುರುತಿಸುತ್ತದೆ. ಅಸಲಿ ಪಾಮೇರಿಯನ್ ಸುಮಾರು 1.4ರಿಂದ 3.2 ಕೇಜಿ. ಸ್ಪಿಟ್ಜ್‌ನಲ್ಲಿ ಸಣ್ಣದೇ ಐದರಿಂದ ಏಳು ಕೇಜಿ, ದೊಡ್ಡದು ಹನ್ನೆರಡರಿಂದ ಇಪ್ಪತ್ತರವರೆಗೂ ಹೋಗುತ್ತದೆ. ಸ್ಪಿಟ್ಜ್ ತುಂಬ ಒಳ್ಳೆಯ ನಾಯಿ. ನಮ್ಮ ಹವೆಗೆ ಒಗ್ಗಿಕೊಂಡದ್ದು, ಚುರುಕು, ಮನೆಯವರನ್ನು ಬಿಟ್ಟಿರದು. ಅದನ್ನು ಅದರದೇ ಹೆಸರಿನಲ್ಲಿ ಅದರದೇ ಬೆಲೆಗೆ ಮಾರಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಇನ್ನು ‘ಟೀಕಪ್’ ಅನ್ನುವ ತಳಿ ಯಾವ ಮಾನ್ಯತೆ ಪಡೆದ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲೂ ಇಲ್ಲ. ಅದು ರೇಟು ಏರಿಸಲು ಕಟ್ಟಿದ ಹೆಸರು. ಸಣ್ಣದಾದಷ್ಟೂ ಬೆಲೆ ಜಾಸ್ತಿ ಇರುವಾಗ ವಯಸ್ಸು ಸುಳ್ಳು ಹೇಳುವುದು, ಹಸಿವಿನಲ್ಲಿಡುವುದು ಎಲ್ಲ ತಾನಾಗಿಯೇ ಬರುತ್ತದೆ.

ಒಂದು ಸಂಜೆ ಬೀದಿಯಲ್ಲಿ ಹಸು ಬಂತು. ಗುಂಡ ಒಮ್ಮೆಲೇ ನುಗ್ಗಿದ. ಚೈನು ಅಮ್ಮನ ಮುಂಗೈಗೆ ಸುತ್ತಿಕೊಂಡಿತ್ತು. ಬಿದ್ದ ರಭಸಕ್ಕೆ ಮಣಿಕಟ್ಟಿನ ಮೂಳೆ ಮುರಿಯಿತು. ಮಂಡಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಅಮ್ಮ ಮೊದಲು ಕೇಳಿದ್ದು “ಅವನಿಗೆ ಊಟ ಹಾಕಿದ್ರಾ?” ಅಂತ.

ಆ ರಾತ್ರಿ ಮಾರಿದವನಿಗೆ ಫೋನ್ ಮಾಡಿದೆ. “ನೀವು ಊಟ ಜಾಸ್ತಿ ಹಾಕಿದ್ದೀರಿ ಸಾರ್, ಅದಕ್ಕೇ ಬೆಳೆದಿದೆ” ಅಂದ. ಈ ಉತ್ತರ ತುಂಬ ಜನರಿಗೆ ಸಿಕ್ಕಿರುತ್ತದೆ. ನಂಬಬೇಡಿ. ಊಟ ಜಾಸ್ತಿಯಾದರೆ ನಾಯಿ ದಪ್ಪಗಾಗುತ್ತದೆ. ಕಾಲಿನ ಮೂಳೆ ಎಷ್ಟುದ್ದ ಬೆಳೆಯುತ್ತದೆ ಅನ್ನುವುದು ಅಪ್ಪ ಅಮ್ಮನಿಂದ ಬಂದದ್ದು, ಹೆಚ್ಚು ಅನ್ನ ಹಾಕಿ ಪಾಮ್ ಮರಿಯನ್ನು ಸ್ಪಿಟ್ಜ್ ಮಾಡಲು ಆಗುವುದಿಲ್ಲ. ಆಮೇಲೆ “ವಾಪಸ್ ತನ್ನಿ, ಬೇರೆ ಮರಿ ಕೊಡ್ತೀನಿ” ಅಂದ. ವಾಪಸ್ ಹೋದದ್ದನ್ನು ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅಮ್ಮನಿಗೆ ಆ ಮಾತು ಹೇಳಿದಾಗ ಅವರು ಗುಂಡನ ಬೆಲ್ಟು ಹಿಡಿದುಕೊಂಡೇ ಮಲಗಿದರು. ಎರಡನೇ ಸಲ ಫೋನ್ ಮಾಡುವಷ್ಟರಲ್ಲಿ ನನ್ನ ನಂಬರು ಬ್ಲಾಕ್ ಆಗಿತ್ತು.

ಮರಿ ತರುವವರು ಹಿಡಿಯಬೇಕಾದ ಹಠ ಒಂದೇ: ತಾಯಿಯನ್ನು ತೋರಿಸಿ. ವಿಡಿಯೋ ಅಲ್ಲ, ಫೋಟೋ ಅಲ್ಲ, ಮರಿಗಳು ಹಾಲು ಕುಡಿಯುತ್ತಿರುವಾಗ ಅವು ಹುಟ್ಟಿದ ಜಾಗದಲ್ಲೇ ನೋಡಬೇಕು. ಸಾಧ್ಯವಿದ್ದರೆ ಅಪ್ಪನನ್ನೂ. ಮರಿ ಎಷ್ಟು ದೊಡ್ಡದಾಗುತ್ತದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಒಳ್ಳೆಯ ಅಂದಾಜು ಅವೆರಡೇ, ಅದೂ ಅಂದಾಜೇ. ಇಂತಿಷ್ಟೇ ಕೇಜಿ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಆ ಗ್ಯಾರಂಟಿಯೇ ಅನುಮಾನಕ್ಕೆ ಸಾಕು. ತಾಯಿಯನ್ನು ತೋರಿಸದೆ ಏನೇ ಕಾರಣ ಹೇಳಿ ತಪ್ಪಿಸಿಕೊಂಡರೂ ಅಲ್ಲಿಂದ ಎದ್ದು ಬನ್ನಿ. ಮರಿಯ ಮುಖ ನೋಡಿ ಮನಸ್ಸು ಕರಗುತ್ತದೆ, ಗೊತ್ತು. ಆ ಒಂದು ಮರಿಯ ದುಡ್ಡಿನಿಂದಲೇ ಅದರ ತಾಯಿಗೆ ಮುಂದಿನ ಸೂಲು ಕಟ್ಟಿಸುತ್ತಾರೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. ‘ಕೆಸಿಐ ಪೇಪರ್ ಇದೆ, ಆಮೇಲೆ ಕಳಿಸ್ತೀನಿ’ ಅನ್ನುವುದಕ್ಕೂ ಬೆಲೆ ಇಲ್ಲ. ನಿಜವಾದ ಸರ್ಟಿಫಿಕೇಟಿನಲ್ಲಿ ಅಪ್ಪ ಅಮ್ಮನ ಹೆಸರು, ಮೈಕ್ರೋಚಿಪ್ ನಂಬರು ಇರುತ್ತವೆ. ಆ ಹದಿನೈದು ಅಂಕಿಯ ನಂಬರು ಮರಿಯ ಮೈಯಲ್ಲಿರುವ ಚಿಪ್ಪಿಗೆ ಹೊಂದುತ್ತದೆಯೇ ಅಂತ ಸ್ಕ್ಯಾನರ್ ಇರುವ ಯಾವ ಪಶುವೈದ್ಯರಾದರೂ ಕ್ಷಣದಲ್ಲಿ ಹೇಳುತ್ತಾರೆ.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆಂದೇ ನಿಯಮ ಮಾಡಿದೆ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿ ಮಾರಕೂಡದು, ಮೈಕ್ರೋಚಿಪ್ ಹಾಕಿಸಿರಬೇಕು. ರಿಂಗ್ ರೋಡಿನ ಕಾರಿನಲ್ಲಿ ಐದು ವಾರದ ಮರಿ ಕೈಬದಲಾಗುವಾಗ ಇದರಲ್ಲಿ ಒಂದೂ ಇರುವುದಿಲ್ಲ. ನೋಂದಣಿ ಸಂಖ್ಯೆ ಕೇಳಿ. ಆ ಒಂದು ಪ್ರಶ್ನೆಗೇ ಎಷ್ಟೋ ಜನ ಫೋನ್ ಇಟ್ಟುಬಿಡುತ್ತಾರೆ.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯವರು ಮಾತಾಡುತ್ತಾರೆ. ಇದಕ್ಕೆಲ್ಲ ಬೇಕಾಗುವುದು ದಾಖಲೆ. ತೂಕದ ಬಗ್ಗೆ ಬರೆದುಕೊಟ್ಟ ಮೆಸೇಜು, ಹಾಕಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ಮಾಡಿದ ರಸೀದಿ, ಪಶುವೈದ್ಯರು ವಯಸ್ಸು ಮತ್ತು ತಳಿಯ ಬಗ್ಗೆ ಬರೆದುಕೊಟ್ಟ ಚೀಟಿ. ಬ್ಲಾಕ್ ಆಗುವ ಮುಂಚೆಯೇ ಎಲ್ಲವನ್ನೂ ಬೇರೆ ಕಡೆ ಉಳಿಸಿಡಿ. ನಗದು ಕೊಡಲೇಬೇಡಿ.

ದೊಡ್ಡದಾಯಿತು ಅಂತ ನಾಯಿಯನ್ನು ಮಾತ್ರ ಬೀದಿಗೆ ಬಿಡಬೇಡಿ. ಮನೆಯಲ್ಲಿ ಬೆಳೆದ ಸ್ಪಿಟ್ಜ್ ಬೀದಿಯಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ. ಅಪಾರ್ಟ್‌ಮೆಂಟಿನವರು ‘ದೊಡ್ಡ ನಾಯಿ ಆಗಲ್ಲ’ ಅಂತ ನೋಟಿಸ್ ಕೊಟ್ಟರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ. ಸಣ್ಣದಿದ್ದರೆ ಸರಿ, ದೊಡ್ಡದಿದ್ದರೆ ಬೇಡ ಅಂತ ಅಸೋಸಿಯೇಷನ್ ಹೇಳುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಗುಂಡ ಅಮ್ಮನ ಜೊತೆಯೇ ಇದ್ದಾನೆ. ವಾಕಿಂಗಿಗೆ ಪಕ್ಕದ ಮನೆಯ ಕಾಲೇಜು ಹುಡುಗ ಕರೆದುಕೊಂಡು ಹೋಗುತ್ತಾನೆ, ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ತಂದಿದ್ದೇವೆ. ಅಮ್ಮನಿಗೆ ಅವನನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಗ್ರಾಹಕರ ಆಯೋಗಕ್ಕೆ ನಮ್ಮ ದೂರು ಹೋಗಿದೆ. ಕನ್ನಡದಲ್ಲೇ ಬರೆದದ್ದು. ಇದೇ ಥರ ಮೋಸ ಹೋದವರು ದೂರು ಹೇಗೆ ಬರೆಯುವುದು ಅಂತ ತಿಳಿಯದೆ ಕೂತಿದ್ದರೆ ಕೇಳಿ, ಅದರ ಪ್ರತಿ ಕಳಿಸುತ್ತೇನೆ. ಹೆಸರು, ತಾರೀಖು ಬದಲಾಯಿಸಿಕೊಂಡರೆ ಆಯಿತು.